ಖರಾಬು ಅಂತ ಬರೆದ ಕೈ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕು ತಾಲ್ಲೂಕಿನೊಳಗ ನಿಮ್ಮ ಊರ ಮಗ್ಗುಲಿನ ಗುಡ್ಡದ ಉತಾರ ಒಮ್ಮೆ ತೆಗೆಸಿ ನೋಡಿರಿ. ಆ ಕಾಗದದ ಮೇಲೆ ಗುಡ್ಡದ ಹೆಸರು ಇರುವುದಿಲ್ಲ. ಅಲ್ಲಿ ಮೇಯುವ ಕುರಿ ಇರುವುದಿಲ್ಲ. ಮಳೆಗಾಲದಲ್ಲಿ ಅಲ್ಲಿಂದ ಇಳಿದು ನಿಮ್ಮ ಬಾವಿಗೆ ಜೀವ ಕೊಡುವ ಹಳ್ಳ ಇರುವುದಿಲ್ಲ. ಸರ್ವೆ ನಂಬರು ಇರುತ್ತದೆ, ಎಕರೆ ಗುಂಟೆ ಇರುತ್ತದೆ. ಬಹಳಷ್ಟು ಕಡೆ ಅದರ ಮುಂದೆ ಒಂದೇ ಒಂದು ಮಾತು ಇರುತ್ತದೆ: ಖರಾಬು.

ಖರಾಬು ಅಂದರೆ ಕೆಟ್ಟದ್ದು. ಹಾಳಾದದ್ದು. ಸರ್ಕಾರಕ್ಕೆ ಕಂದಾಯ ಕೊಡದ ನೆಲವೆಲ್ಲ ಹಾಳು ಎಂದು ಯಾವನೋ ದಫ್ತರದ ಮನುಷ್ಯ ಕುಳಿತು ಬರೆದ. ಬರೆದವನು ಆ ಗುಡ್ಡದಿಂದ ತಲೆಯ ಮೇಲೆ ಹೊರೆ ಇಳಿಸಿದವನಲ್ಲ. ಬ್ಯಾಸಿಗಿಯೊಳಗ ಅಲ್ಲಿ ಒಂದು ಕವಳಿಹಣ್ಣು ಹರಿದು ಬಾಯಿಗೆ ಹಾಕಿಕೊಂಡವನಲ್ಲ.

ಈಗ ಅದೇ ಗುಡ್ಡಕ್ಕೆ ಇನ್ನೊಂದು ಹೆಸರು ಬಂದಿದೆ: ರಮಣೀಯ ತಾಣ. ಪ್ರವಾಸೋದ್ಯಮದ ಫಲಕದ ಮೇಲೆ ನೋಡಿರಿ. ನವಿಲುತೀರ್ಥ ರಮಣೀಯ, ಸೊಗಲದ ಜಲಪಾತ ರಮಣೀಯ, ಶಬರಿಕೊಳ್ಳ ರಮಣೀಯ, ಪರಸಗಡದ ಕೋಟೆಯ ಮೇಲಿಂದ ಕಾಣುವ ಬಯಲು ರಮಣೀಯ. ಫೋಟೋದಲ್ಲಿ ಮೋಡ ಇದೆ, ಬಂಡೆ ಇದೆ, ನೀರು ಇದೆ. ಮನುಷ್ಯ ಇದ್ದರೆ ಅವನು ಬೆಂಗಳೂರಿನಿಂದ ಬಂದವನು, ಕಪ್ಪು ಕನ್ನಡಕ ಹಾಕಿಕೊಂಡು ನಿಂತವನು.

ಈ ಎರಡು ಮಾತು ಒಂದಕ್ಕೊಂದು ವೈರಿ ಎಂದು ತಿಳಿಯಬೇಡಿರಿ ಗೆಳೆಯರೇ. ಇವು ಒಂದೇ ಹೊಟ್ಟೆಯ ಅಣ್ಣ ತಮ್ಮಂದಿರು. ‘ಖರಾಬು’ ಎಂಬುದು ಗುಡ್ಡವನ್ನು ಕೊಟ್ಟುಬಿಡಲು ಬೇಕಾದ ಮಾತು. ‘ರಮಣೀಯ’ ಎಂಬುದು ಅದಕ್ಕೆ ಬೇಲಿ ಹಾಕಿ ಟಿಕೀಟು ಹರಿಯಲು ಬೇಕಾದ ಮಾತು. ಎರಡರೊಳಗೂ ನಾವಿಲ್ಲ. ಕುರುಬನಿಲ್ಲ, ಮಾದಿಗನಿಲ್ಲ, ಸಮಗಾರನಿಲ್ಲ, ಹೊಲೆಯನಿಲ್ಲ, ಬೇಡನಿಲ್ಲ, ಕೂಲಿ ಹೆಣ್ಣುಮಗಳಿಲ್ಲ.

ನಾನು ಹೇಳಬೇಕಾದದ್ದು ಇಷ್ಟು: ಈ ನಾಡಿನ ಚೆಲುವನ್ನು ಉಳಿಸಬೇಕು. ಉಳಿಸಲೇಬೇಕು. ಆದರೆ ಅದರ ಮೇಲೆ ಬದುಕಿದವರ ಹಕ್ಕನ್ನು ಮೊದಲು ಕಾಗದಕ್ಕೆ ತಾರದೆ ಚೆಲುವು ಉಳಿಸುತ್ತೇವೆ ಎನ್ನುವವನು ಕಳ್ಳ. ಹಗಲುಗಳ್ಳ.

*

ನಮ್ಮ ನೆಲ ಎಂಥದ್ದು, ಒಮ್ಮೆ ನೋಡೋಣ. ಪಶ್ಚಿಮಕ್ಕೆ ಕಿತ್ತೂರು. ಅಲ್ಲಿ ಮಲೆನಾಡಿನ ಸೆರಗು ಮುಗಿಯುತ್ತದೆ. ಮೂಡಲಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತ, ಎರಿಭೂಮಿ ಹಾಸುತ್ತ, ಬೈಲಹೊಂಗಲ ದಾಟಿ ಸವದತ್ತಿಗೆ ಬಂದರೆ ಕಲ್ಲುಗುಡ್ಡಗಳು ಏಳುತ್ತವೆ. ರಾಮದುರ್ಗಕ್ಕೆ ಹೋದರೆ ಬಂಡೆಯೇ ಬಂಡೆ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಷ್ಟೂ ನೆಲ ಹಾಯ್ದು ಬಂದು, ಸವದತ್ತಿ ಹತ್ತಿರ ಗುಡ್ಡವನ್ನು ಸೀಳಿಕೊಂಡು ನುಗ್ಗುತ್ತಾಳೆ. ಆ ಸೀಳೇ ನವಿಲುತೀರ್ಥ.

ಈ ಗುಡ್ಡ ನಮಗೆ ಏನು ಕೊಟ್ಟಿತು? ಮುಂಗಾರು ಬಿದ್ದ ಮೇಲೆ ಹುಲ್ಲು ಕೊಟ್ಟಿತು. ಒಣಗಿದ ಮೇಲೆ ಕರಡ ಕೊಟ್ಟಿತು. ಆ ಹುಲ್ಲು ತಿಂದ ದಖ್ಖನಿ ಕುರಿ ಉಣ್ಣೆ ಕೊಟ್ಟಿತು, ಉಣ್ಣೆ ಕಂಬಳಿಯಾಯಿತು. ಸುಗ್ಗಿ ಮುಗಿದ ಮೇಲೆ ಅದೇ ಕುರಿಹಿಂಡನ್ನು ರೈತರು ಕರೆದು ತಮ್ಮ ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಂಡರು, ಹಿಕ್ಕಿ ಗೊಬ್ಬರವಾಯಿತು, ಬಿಳಿಜೋಳದ ತೆನೆ ತೂಗಿತು. ಗುಡ್ಡ ‘ಖರಾಬು’ ಆಗಿದ್ದರೆ ಕೆಳಗಿನ ಎರಿಹೊಲ ಬಂಗಾರ ಹೇಗಾಯಿತು? ಗುಡ್ಡದ ಸಾರವೇ ಕುರಿಯ ಹೊಟ್ಟೆಯೊಳಗ ಕುಂತು ಗೌಡರ ಹೊಲಕ್ಕೆ ಇಳಿದು ಬಂತು. ಗೌಡರ ಹೊಲಕ್ಕೆ ಆಕಾರ ಬಿತ್ತು, ಬೆಲೆ ಬಂತು, ಹೆಸರು ಬಂತು. ಗುಡ್ಡ ಮಾತ್ರ ಖರಾಬು!

ಇನ್ನೊಂದು ಮಾತು ಹೇಳುತ್ತೇನೆ. ಆವರಿಕಿ ಗಿಡ ನೀವು ನೋಡಿರುತ್ತೀರಿ. ತಂಗಡಿ ಅಂತಲೂ ಅಂತಾರ. ಹಳದಿ ಹೂವು. ಹೂ ಬಿಟ್ಟಾಗ ಇಡೀ ಕಲ್ಲುಗುಡ್ಡಕ್ಕೆ ಅರಿಷಿಣ ಬಳಿದಂಗ ಕಾಣುತ್ತದೆ. ಪ್ರವಾಸಿಗನ ಕಣ್ಣಿಗೆ ಅದು ಚಿತ್ರ. ಆದರೆ ಅದರ ತೊಗಟಿ ತೊಗಲು ಹದ ಮಾಡುವ ತೊಗಟಿ. ಊರಿಗೆಲ್ಲ ಮೆಟ್ಟು ಮಾಡಿಕೊಟ್ಟ, ಎತ್ತಿಗೆ ಮಿಣಿ ಮಾಡಿಕೊಟ್ಟ, ಬಾವಿಗೆ ತೊಗಲಿನ ಚೀಲ ಹೊಲಿದುಕೊಟ್ಟ ಕೈಗಳು ಆ ತೊಗಟಿಯ ನೀರಿನಲ್ಲಿ ನೆನೆದು ಕೆಂಪಾದ ಕೈಗಳು. ನಮ್ಮ ಹಿರಿಯರು ಆ ಹೂವಿನ ಚೆಲುವು ಕಾಣಲಿಲ್ಲವೇ? ಕಂಡರು. ತೊಗಟಿಯೊಂದಿಗೆ ಕಂಡರು. ವಾಸನೆಯೊಂದಿಗೆ ಕಂಡರು. ‘ಹೊಲಸು ನಾರ್ತಾರ, ದೂರ ನಿಲ್ಲು’ ಅನ್ನಿಸಿಕೊಂಡು ಕಂಡರು.

ಕಸಬರಿಗೆಯ ಈಚಲು ಅಲ್ಲಿಂದ ಬಂತು. ಒಲೆಯ ಕಟ್ಟಿಗೆ ಅಲ್ಲಿಂದ ಬಂತು. ಬಾರಿಹಣ್ಣು, ಸೀತಾಫಲ ಬುಟ್ಟಿ ತುಂಬಿಕೊಂಡು ಸಂತೆಗೆ ಬಂದ ಹೆಂಗಸರ ಉಡಿಯೊಳಗಿನ ನಾಲ್ಕು ಕಾಸು ಅಲ್ಲಿಂದ ಬಂತು. ಒಂದು ಗುಂಟೆ ಹೊಲ ಇಲ್ಲದವಳಿಗೆ ಗುಡ್ಡವೇ ಹೊಲ. ಅದಕ್ಕೆ ಉತಾರ ಇಲ್ಲ, ಬ್ಯಾಂಕಿನ ಸಾಲ ಇಲ್ಲ, ಬೆಳೆವಿಮೆ ಇಲ್ಲ. ಅದು ಹೋದ ದಿನ ‘ನಿನ್ನದೇನು ಹೋಯಿತು?’ ಎಂದು ಕೇಳುವವರೂ ಇಲ್ಲ.

*

ಒಂದು ಕವಿಗೋಷ್ಠಿಯಲ್ಲಿ ನಾನು ಪದ್ಯ ಓದಿ ಇಳಿದ ಮೇಲೆ ಅಧ್ಯಕ್ಷತೆ ವಹಿಸಿದ್ದ ಹಿರಿಯರು ಹೇಳಿದರು: ‘ತಮ್ಮಾ, ಬರೇ ಸಿಟ್ಟು ಬರೀಬ್ಯಾಡ. ನಿಮ್ಮ ಕಡೆ ಎಷ್ಟ ಚೆಂದ ಗುಡ್ಡ ಹೊಳಿ ಅದಾವ, ನಿಸರ್ಗದ ಬಗ್ಗೆ ಒಂದ ನಾಕ ಸಾಲ ಬರಿ.’ ಸಭೆ ಚಪ್ಪಾಳೆ ತಟ್ಟಿತು.

ನಮ್ಮ ಮನೆತನದಲ್ಲಿ ಡಿಗ್ರಿ ಕಾಗದ ಕೈಯಲ್ಲಿ ಹಿಡಿದವನು ನಾನೇ ಮೊದಲು. ನನ್ನವ್ವನಿಗೆ ಅಕ್ಷರ ಬರುವುದಿಲ್ಲ. ಆದರೆ ಗುಡ್ಡದ ಪ್ರತಿ ಕಲ್ಲಿಗೂ ಅವಳ ಬಾಯಲ್ಲಿ ಹೆಸರು ಐತಿ. ಯಾವ ಬಂಡೆಯ ಬುಡದಲ್ಲಿ ಬ್ಯಾಸಿಗಿ ತನಕ ನೀರು ಉಳೀತೈತಿ, ಯಾವ ಸಂದಿಯೊಳಗ ಹೆರಿಗೆಯಾದ ಬಾಣಂತಿಗೆ ಕೊಡೋ ಬೇರು ಸಿಗತೈತಿ, ಎಲ್ಲಿ ಹಾವಿನ ಹುತ್ತ ಐತಿ, ಎಲ್ಲಾ ಗೊತ್ತು. ನಿಸರ್ಗ ಕಾವ್ಯ ಬರೆದ ಪಂಡಿತರು ಆ ಗುಡ್ಡವನ್ನು ಮೋಟಾರಿನ ಕಿಟಕಿಯಿಂದ ನೋಡಿದರು. ನನ್ನವ್ವ ಬರಿಗಾಲಿನಿಂದ ಓದಿದಳು. ಹೇಳಿರಿ, ಯಾರ ಓದು ದೊಡ್ಡದು?

ನಮಗೆ ಸೌಂದರ್ಯಪ್ರಜ್ಞೆ ಇಲ್ಲ ಎನ್ನುವುದು ಉಳ್ಳವರು ಹಬ್ಬಿಸಿದ ಬಹಳ ಹಳೆಯ ಸುಳ್ಳು. ಹೊಟ್ಟೆ ಹಸಿದವನಿಗೆ ಚೆಲುವು ಕಾಣುವುದಿಲ್ಲ ಎಂಬುದು ಹೊಟ್ಟೆ ತುಂಬಿದವರು ಕಟ್ಟಿದ ಮಾತು. ಸೋಬಾನೆ ಪದ, ಬೀಸುವ ಪದ, ಚೌಡಕಿಯ ಪದ ಕಟ್ಟಿದವರು ಯಾರು? ಗುಡ್ಡ ಹೊಳೆ ಮಳೆ ಮೋಡ ಇಲ್ಲದ ಒಂದು ಪದ ತೋರಿಸಿರಿ ನೋಡೋಣ!

*

ಈಗ ಆ ಕಾಗದದ ಕತೆಗೆ ಬರೋಣ. ಬೆಳಗಾವಿ ಸೀಮೆ ಅಂದು ಮುಂಬಯಿ ಇಲಾಖೆಗೆ ಸೇರಿತ್ತು. ಕಿತ್ತೂರು ಬಿದ್ದ ಮೇಲೆ ಬ್ರಿಟಿಷ್ ಕಂಪನಿ ಸರ್ಕಾರ ಸರಪಳಿ ಹಿಡಿದು ಬಂತು, ನೆಲ ಅಳೆಯಿತು. ಬೆಳೆಯುವ ನೆಲಕ್ಕೆ ಆಕಾರ ಕಟ್ಟಿತು. ಬೆಳೆಯದ ನೆಲಕ್ಕೆ ‘ಪೋಟ ಖರಾಬು’ ಎಂದಿತು. ದನ ಮೇಯುವ ನೆಲಕ್ಕೆ ‘ಗಾಯರಾಣ’ ಎಂದಿತು. ಎಲ್ಲದರ ಮಾಲೀಕ ಮಾತ್ರ ಸರ್ಕಾರ.

ಆ ಕಾಗದದ ಆಟವನ್ನು ಮೊದಲು ಕಂಡುಕೊಂಡವನು ಯಾರು ಗೊತ್ತೇ? ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯ ಕುರುಬರ ಹುಡುಗ ರಾಯಣ್ಣ. ಅವನದು ಊರ ಕಾವಲಿನ ಚಾಕರಿಯ ಭೂಮಿ. ಕಂಪನಿ ಸರ್ಕಾರ ಅದರಲ್ಲಿ ಬಹುಪಾಲು ಕಿತ್ತುಕೊಂಡಿತು, ಉಳಿದದ್ದಕ್ಕೆ ಕಂದಾಯ ಹೇರಿತು. ಅವನ ಬಂಡಾಯ ಬರೀ ಸಿಂಹಾಸನಕ್ಕಾಗಿ ನಡೆದ ಬಂಡಾಯ ಅಲ್ಲ. ಅವನ ದಂಡು ಕಚೇರಿಗೆ ನುಗ್ಗಿ ಬೆಂಕಿ ಇಟ್ಟದ್ದು ಕಂದಾಯದ ಕಡತಗಳಿಗೆ. ದಂಡಿನಲ್ಲಿ ಇದ್ದವರು ಬಡವರು, ನೆಲ ಕಳಕೊಂಡವರು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ನೇಣಿಗೆ ಹಾಕಿದರು. ಇಂದು ಅವನ ಮೂರ್ತಿ ಊರೂರಿಗೆ ನಿಂತಿದೆ. ಹಾರ ಹಾಕುವ ಮುಖಂಡರು ನಿಂತಿದ್ದಾರೆ. ಅವನು ಸುಟ್ಟ ಕಡತದೊಳಗಿನ ಮಾತು ಮಾತ್ರ ಇವತ್ತಿಗೂ ಕಂಪ್ಯೂಟರಿನ ಉತಾರದೊಳಗ ಜೀವಂತ ಐತಿ! ಮೂರ್ತಿಗೆ ಹಾರ, ಕಡತಕ್ಕೆ ನಮಸ್ಕಾರ. ಇದೆಂಥ ಗೌರವ?

ಸ್ವಾತಂತ್ರ್ಯ ಬಂತು. 1964ರಲ್ಲಿ ಭೂಕಂದಾಯ ಕಾಯ್ದೆ ಬಂತು, 1966ರಲ್ಲಿ ಅದರ ನಿಯಮಗಳು ಬಂದವು. ಆ ನಿಯಮಗಳ 97ನೆಯದನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿರಿ: ಪ್ರತಿ 100 ದನಗಳಿಗೆ 12 ಹೆಕ್ಟೇರಿನಂತೆ ಸರ್ಕಾರಿ ನೆಲವನ್ನು ಪುಕ್ಕಟೆ ಮೇವಿಗಾಗಿ ಕಾದಿಡಬೇಕು. ನಿಮ್ಮ ಊರಿನಲ್ಲಿ ಎಷ್ಟು ದನ ಇದ್ದಾವೆ, ಎಷ್ಟು ಗಾಯರಾಣ ಉಳಿದಿದೆ, ಲೆಕ್ಕ ಮಾಡಿ ನೋಡಿರಿ. ಎದೆ ಒಡೆಯುತ್ತದೆ.

2020ರಲ್ಲಿ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಬೇಸಾಯಗಾರನಲ್ಲದವನೂ ಹೊಲ ಕೊಳ್ಳಬಹುದೆಂದು ಬಾಗಿಲು ತೆರೆಯಿತು. ಗುಡ್ಡದ ಬುಡದ ಹೊಲಕ್ಕೆ ‘ವ್ಯೂ’ ಎಂಬ ಹೊಸ ಬೆಳೆ ಬಂತು. ಆ ಬೆಳೆಗೆ ಮಳೆ ಬೇಡ, ಗೊಬ್ಬರ ಬೇಡ, ಆಳು ಬೇಡ. ಹಣ ಇದ್ದವನು ಒಂದು ಬಂಗಲೆ ಕಟ್ಟಿಕೊಂಡರೆ ಆಯಿತು. ಅವನ ಗೇಟಿನ ಹಿಂದೆ ಗುಡ್ಡಕ್ಕೆ ಹೋಗುವ ನಮ್ಮ ಕಾಲುದಾರಿ ಸತ್ತು ಬೀಳುತ್ತದೆ.

*

ಇದು ನಮ್ಮ ನಾಲ್ಕು ತಾಲ್ಲೂಕಿನ ಗೋಳು ಮಾತ್ರ ಅಲ್ಲ. ಪಕ್ಕದ ಸೀಮೆಯ ಪಾಠ ಒಂದು ಐತಿ. 1984ರಲ್ಲಿ ಕರ್ನಾಟಕ ಸರ್ಕಾರ ಸುಮಾರು 30,000 ಹೆಕ್ಟೇರು ಸಾಮೂಹಿಕ ನೆಲವನ್ನು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಗೆ ಕೊಡಲು ಒಪ್ಪಿತು. ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಬೆಳೆಯಬೇಕಿತ್ತು. ಆಗಲೂ ಆ ನೆಲಕ್ಕೆ ಸರ್ಕಾರ ಇಟ್ಟ ಹೆಸರು ಏನು? ಪಾಳುಭೂಮಿ! ಅಲ್ಲಿ ದನ ಮೇಯುತ್ತಿದ್ದವು, ಹೆಂಗಸರು ಕಟ್ಟಿಗೆ ಆಯುತ್ತಿದ್ದರು, ಆದರೂ ಪಾಳು.

1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತ್ತು. ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ನೀಲಗಿರಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಶಿವರಾಮ ಕಾರಂತರ ಹೆಸರೂ ಸೇರಿ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಆ ಕಂಪನಿ ಮುಚ್ಚಬೇಕಾಯಿತು.

ಇದರಲ್ಲಿ ನಾವು ನೋಡಬೇಕಾದ ಗುಟ್ಟು ಏನು? ಕುಸನೂರಿನವರು ‘ನಮ್ಮ ಗುಡ್ಡ ಚೆಂದ ಐತಿ, ಬಿಡ್ರಿ’ ಎಂದು ಬೇಡಲಿಲ್ಲ. ‘ಇದು ನಮ್ಮ ಹುಲ್ಲು, ನಮ್ಮ ಕಟ್ಟಿಗೆ, ನಮ್ಮ ಹಕ್ಕು’ ಎಂದರು. ಹಕ್ಕು ಉಳಿಯಿತು, ಅದರ ಹಿಂದಿನಿಂದ ಗುಡ್ಡವೂ ಉಳಿಯಿತು. ಬರೀ ಕಣ್ಣಿನ ಚೆಲುವಿಗಾಗಿ ಹೋರಾಡಿದ್ದರೆ ಸರ್ಕಾರ ಒಂದು ಉದ್ಯಾನ ಮಾಡಿ, ಒಂದು ಕಾರಂಜಿ ಹಚ್ಚಿ, ಹಿಂದಿನ ಬಾಗಿಲಿನಿಂದ ಉಳಿದ ನೆಲ ಕೊಟ್ಟುಬಿಡುತ್ತಿತ್ತು.

ನವಿಲುತೀರ್ಥದಲ್ಲಿ ಆದದ್ದೇನು? 1972ರಲ್ಲಿ ಅಣೆಕಟ್ಟು ಎದ್ದಿತು. 37.73 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯ, ಅದಕ್ಕೆ ರೇಣುಕಾಸಾಗರ ಎಂಬ ಹೆಸರು. ನೀರು ಬೇಕಿತ್ತು, ಸುಳ್ಳಲ್ಲ. ಬರದ ಸೀಮೆಗೆ ಕಾಲುವೆ ಬೇಕಿತ್ತು. ಆದರೆ ಹೊಲ ಮುಳುಗಿದವನಿಗೆ ಪರಿಹಾರ ಅಂತ ನಾಲ್ಕು ರೂಪಾಯಿಯಾದರೂ ಕೈಗೆ ಬಂತು. 1894ರ ಭೂಸ್ವಾಧೀನ ಕಾಯ್ದೆಗೆ ಹೊಲದ ಒಡೆಯ ಕಾಣುತ್ತಿದ್ದ, ಆ ಹೊಲದಲ್ಲಿ ಕೂಲಿ ಮಾಡಿದವನು ಕಾಣುತ್ತಿರಲಿಲ್ಲ. ಹೊಳಿದಂಡಿಯ ಹುಲ್ಲಿಗೆ, ಮರಳಿನಲ್ಲಿ ಹಾಕಿದ ಕಲ್ಲಂಗಡಿ ಬಳ್ಳಿಗೆ, ದನ ತೊಳೆಯುವ ಮಡುವಿಗೆ ಬೆಲೆ ಕಟ್ಟಿದವರು ಯಾರು?

ನೀರು ಸಿಕ್ಕವರ ಕತೆಯೂ ನೆಟ್ಟಗಿಲ್ಲ. ಬೆಳೆ ಕೈಗೆ ಬರುವ ಮೊದಲೇ ಸರ್ಕಾರ ಸುಧಾರಣಾ ಕರ, ನೀರಿನ ಕರ ಎಂದು ರೈತನ ಕುತ್ತಿಗೆ ಹಿಡಿಯಿತು. ನವಲಗುಂದ, ನರಗುಂದ, ಸವದತ್ತಿಯ ರೈತರು ಎದ್ದರು. 1980ರ ಜುಲೈ 21ರಂದು ನವಲಗುಂದದಲ್ಲಿ, ನರಗುಂದದಲ್ಲಿ ಗುಂಡು ಹಾರಿತು. ರೈತರು ಸತ್ತರು. ಇವತ್ತು ಅಣೆಕಟ್ಟಿನ ಮೇಲೆ ನಿಂತು ಸೆಲ್ಫಿ ತೆಗೆಯುವ ಹುಡುಗನಿಗೆ ಆ ನೀರಿನೊಳಗಿನ ನೆತ್ತರ ಯಾರು ಹೇಳಬೇಕು? 2019ರ ಆಗಸ್ಟಿನಲ್ಲಿ ಅದೇ ಮಲಪ್ರಭೆ ಉಕ್ಕಿ ಬಂದಾಗ ರಾಮದುರ್ಗ ತಾಲ್ಲೂಕಿನ ಹೊಳಿದಂಡಿಯ ಮನೆಗಳು ಕುಸಿದು ಮಣ್ಣಾದವು. ಆಗ ಜನ ಜೀವ ಹಿಡಿದು ಓಡಿದ್ದು ಎತ್ತರದ ಕಡೆಗೆ. ಖರಾಬು ನೆಲ ಅಂದಿರಲ್ಲ, ಎತ್ತರದ ಆ ಕಲ್ಲುನೆಲವೇ ಅಂದು ತಾಯಿಯಾಯಿತು.

*

ಈಗ ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿವೆ. ಸವದತ್ತಿ ತಾಲ್ಲೂಕಿನ ಕಾರ್ಲಕಟ್ಟಿ ಕಡೆಗೆ ಇನ್ನೊಂದು ದೊಡ್ಡ ಯೋಜನೆ ಬಂದಿದೆ: ಗುಡ್ಡದ ಮೇಲೆ ಒಂದು ಕೆರೆ ಕಟ್ಟುವುದು, ಕರೆಂಟು ಹೆಚ್ಚಾದಾಗ ರೇಣುಕಾಸಾಗರದ ನೀರನ್ನು ಪಂಪಿನಿಂದ ಮೇಲಕ್ಕೆ ಏರಿಸುವುದು, ಕರೆಂಟು ಬೇಕಾದಾಗ ಕೆಳಗೆ ಬಿಟ್ಟು ಉತ್ಪಾದಿಸುವುದು.

‘ಹಂಗಾದ್ರ ನಿನಗ ಕರೆಂಟ್ ಬ್ಯಾಡೇನಪ್ಪಾ?’ ಎಂದು ಕೇಳುತ್ತಾರೆ. ಬೇಕು. ನಮ್ಮ ಕೇರಿಗೆ ದೀಪ ಎಲ್ಲರಿಗಿಂತ ಕೊನೆಗೆ ಬಂತು, ಅದರ ಬೆಲೆ ನಮಗೆ ಎಲ್ಲರಿಗಿಂತ ಹೆಚ್ಚು ಗೊತ್ತು. ಕಲ್ಲಿದ್ದಲ ಹೊಗೆಗಿಂತ ಗಾಳಿ ಒಳ್ಳೆಯದು, ಅದೂ ಗೊತ್ತು. ನಾವು ಕೇಳುವುದು ಒಂದೇ ಪ್ರಶ್ನೆ: ಯಾರನ್ನು ಕೇಳಿ ಕೊಟ್ಟಿರಿ? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯೊಳಗೆ ಗಾಳಿ ವಿದ್ಯುತ್ತು ಬರುವುದಿಲ್ಲ. ಹಾಗಾಗಿ ಆ ಕಾಯ್ದೆಯಂತೆ ನಡೆಸಬೇಕಾದ ಬಹಿರಂಗ ವಿಚಾರಣೆಯೂ ಇಲ್ಲ. ಸರ್ಕಾರದ ನೆಲ ಸರ್ಕಾರವೇ ಗುತ್ತಿಗೆಗೆ ಕೊಟ್ಟರೆ ಅದು ಭೂಸ್ವಾಧೀನವೂ ಅಲ್ಲ. 2013ರ ಹೊಸ ಭೂಸ್ವಾಧೀನ ಕಾಯ್ದೆ ‘ನೆಲ ಇಲ್ಲದಿದ್ದರೂ ಅದರ ಮೇಲೆ ಬದುಕಿದವನೂ ಸಂತ್ರಸ್ತ’ ಎಂದು ಒಪ್ಪಿಕೊಂಡಿತು. ಆದರೆ ಸ್ವಾಧೀನವೇ ಆಗದ ಗುಡ್ಡದ ಮೇಲೆ ಆ ಕಾಯ್ದೆ ಬಾಗಿಲು ಬಡಿಯುವುದೇ ಇಲ್ಲ! ನೋಡಿದಿರಾ ‘ಖರಾಬು’ ಎಂಬ ಮೂರಕ್ಷರದ ತಾಕತ್ತು? ಅದು ಎರಡು ಕಾಯ್ದೆಗಳ ಕಣ್ಣಿಗೆ ಒಮ್ಮೆಲೇ ಮಣ್ಣೆರಚುತ್ತದೆ.

ಯಂತ್ರಕ್ಕೆ ರಸ್ತೆ ಬೇಕು. ರಸ್ತೆಗೆ ಗುಡ್ಡದ ಬೆನ್ನು ಕಡಿಯಬೇಕು. ಕಡಿದ ಮಣ್ಣು ಮಳೆಗೆ ಹಳ್ಳಕ್ಕೆ ಬರುತ್ತದೆ, ಹಳ್ಳ ಹೂಳುತ್ತದೆ. ಬಾಡಿಗೆ ಹಣ ಪಟ್ಟಾ ಇದ್ದವನ ಖಾತೆಗೆ, ಇಲ್ಲವೆ ಸರ್ಕಾರದ ಖಜಾನೆಗೆ. ಕುರಿ ಮೇಯಿಸುವವನಿಗೆ ಸುತ್ತುದಾರಿ.

*

ಯಲ್ಲಮ್ಮನ ಗುಡ್ಡದ ಮಾತು ಆಡದೆ ಸವದತ್ತಿಯ ಮಾತು ಮುಗಿಯುವುದಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸವದತ್ತಿ ಯಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಸುಮಾರು 100 ಕೋಟಿ ರೂಪಾಯಿ ಮಂಜೂರು ಮಾಡಿತು. ನೂರು ಕೋಟಿ! ಬರಲಿ. ಶೌಚಾಲಯ ಆಗಲಿ, ಕುಡಿಯುವ ನೀರು ಆಗಲಿ, ಯಾತ್ರಿಕರ ಹೆಣ್ಣುಮಕ್ಕಳಿಗೆ ಮರೆಯಾದ ಸ್ನಾನದ ಜಾಗ ಆಗಲಿ. ಯಾರು ಬೇಡ ಅಂದರು?

ಆದರೆ ಆ ಗುಡ್ಡ ಯಾರದು? ಬನದ ಹುಣ್ಣಿವಿಗೆ, ಭಾರತ ಹುಣ್ಣಿವಿಗೆ ಚಕ್ಕಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರು ಕಟ್ಟಿಕೊಂಡು ಬರುವ ಲಕ್ಷ ಲಕ್ಷ ಜನ ಲಾಡ್ಜು ಹಿಡಿಯುವವರಲ್ಲ. ಗುಡ್ಡದ ಬಯಲಿನಲ್ಲಿ ಮೂರು ಕಲ್ಲು ಹೂಡಿ ಹೋಳಿಗಿ ಕಡಬು ಬೇಯಿಸಿ, ಪಡಲಗಿ ತುಂಬಿಸಿ, ‘ಉಧೋ ಉಧೋ’ ಅಂದು, ಆಕಾಶ ಹೊದ್ದು ಮಲಗುವವರು. ಆ ಬಯಲೇ ಅವರ ಛತ್ರ. ಅದಕ್ಕೆ ಟೈಲ್ಸ್ ಹಾಕಿ, ಹುಲ್ಲುಹಾಸು ಮಾಡಿ, ‘ಒಳಗೆ ಪ್ರವೇಶವಿಲ್ಲ’ ಎಂದು ಫಲಕ ನೆಟ್ಟರೆ ಗುಡ್ಡ ಚೆಂದವಾಗಿ ಕಾಣಬಹುದು. ಒಲೆ ಹೂಡುವವಳು ಎಲ್ಲಿಗೆ ಹೋಗಬೇಕು? ಭಂಡಾರ, ಬಳೆ, ಕಾಯಿ ಮಾರಿ ಹೊಟ್ಟೆ ಹೊರೆಯುವವಳು ‘ಅಂದಗೆಡಿಸುವವಳು’ ಎಂದು ತೆರವಾಗಬೇಕೇ?

ಯಾರೂ ಮರೆಯಬಾರದ ಇನ್ನೊಂದು ಮಾತು. ಈ ಚೆಲುವಾದ ಗುಡ್ಡದ ಮೇಲೆಯೇ ನಮ್ಮ ಕೇರಿಯ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿದರು. ದೇವರ ಹೆಸರಿನಲ್ಲಿ ಕಟ್ಟಿದರು, ಊರ ಉಳ್ಳವರು ಉಂಡರು. 1982ರಲ್ಲಿ ಕಾಯ್ದೆ ಮಾಡಿ ದೇವದಾಸಿ ಬಿಡುವುದನ್ನು ನಿಷೇಧಿಸಬೇಕಾಯಿತು. ಹಾಗಾಗಿ ‘ಪರಂಪರೆ ಉಳಿಸಿ’ ಎಂದು ಯಾರಾದರೂ ಹೇಳಿದಾಗ ನಮ್ಮ ಮೈ ಉರಿಯುತ್ತದೆ. ಯಾವ ಪರಂಪರೆ? ಮುತ್ತು ಕಟ್ಟಿದ್ದೋ, ಚೌಡಕಿ ಬಾರಿಸಿದ್ದೋ? ಮುತ್ತು ಹರಿಯಬೇಕು, ಚೌಡಕಿ ಉಳಿಯಬೇಕು. ಬಾಳು ಕಳಕೊಂಡು ಮುಪ್ಪಾದ ತಾಯಂದಿರಿಗೆ ಆ ನೂರು ಕೋಟಿಯ ಗುಡ್ಡದ ಮೇಲೆ ಮೊದಲ ಪಾಲು ಸಿಗಬೇಕು. ಜನಪದ ಕತೆಯೊಳಗ ತಲೆ ಕಡಿಸಿಕೊಂಡ ರೇಣುಕೆಗೆ ಆಸರೆಯಾದವಳು ಮಾತಂಗಿ. ಕೇರಿಯ ಮಾತಂಗಿ! ಇವತ್ತು ರೇಣುಕೆಗೆ ಕೋಟಿ, ಮಾತಂಗಿಗೆ ಗೇಟಿನ ಹೊರಗೆ ಜಾಗವೇ?

ರಾಮದುರ್ಗ ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿಕೊಳ್ಳ ಇದೆ. ರಾಮನಿಗೆ ಬಾರಿಹಣ್ಣು ಕಚ್ಚಿ ನೋಡಿ ಕೊಟ್ಟ ಬೇಡರ ಮುದುಕಿಯ ಹೆಸರಿನ ಜಾಗ. ಎಲ್ಲರೂ ಕೈ ಮುಗಿಯುತ್ತಾರೆ. ಶಬರಿ ಗುಡ್ಡದ ಹಣ್ಣು ಆರಿಸಿದ್ದಕ್ಕೆ ಅಲ್ಲವೇ ಆ ಕತೆ ಹುಟ್ಟಿದ್ದು? ಇವತ್ತು ಒಬ್ಬ ಶಬರಿ ಕಾದಿಟ್ಟ ಅರಣ್ಯದೊಳಗೆ ಹಣ್ಣು ಆರಿಸಲು ಹೋದರೆ ಗಾರ್ಡು ಬುಟ್ಟಿ ಕಸಿಯುತ್ತಾನೆ. ಶಬರಿಗೆ ಗುಡಿ, ಶಬರಿಯ ಮಕ್ಕಳಿಗೆ ದಂಡ!

*

ಇನ್ನು ನಮ್ಮ ಊರೊಳಗಿನ ಮಾತು. ಹೊರಗಿನವರನ್ನು ಬೈದು ಊರವರನ್ನು ಬಿಟ್ಟರೆ ಅದು ಬಂಡಾಯವಲ್ಲ, ಭಜನೆ.

‘ಊರಿನ ಗಾಯರಾಣ ಊರಿನ ಎಲ್ಲರದು’ ಎಂಬ ಮಾತು ಕೇಳಲು ಸಿಹಿ. ಎಂದಾದರೂ ಎಲ್ಲರದಾಗಿತ್ತೇ? ಒಂದೇ ಗುಡ್ಡದ ನೀರು ಇಳಿದ ಬಾವಿಯಲ್ಲಿ ನಮ್ಮ ಕೊಡ ಇಳಿಯುತ್ತಿರಲಿಲ್ಲ. ಮೇವು ಎಲ್ಲರದು ಸರಿ. ಆದರೆ ನಲವತ್ತು ದನ ಇದ್ದವನು ನಲವತ್ತು ಬಾಯಿ ಮೇಯಿಸಿದ, ಒಂದು ಆಡು ಇದ್ದವಳು ಒಂದು ಬಾಯಿ ಮೇಯಿಸಿದಳು. ಗಾಯರಾಣಕ್ಕೆ ಮೊದಲು ಬದು ಹಾಕಿ ಒಳಗೆ ಹಾಕಿಕೊಂಡವರು ಯಾರು? ಟ್ರ್ಯಾಕ್ಟರು ಇದ್ದವರು, ತಲಾಠಿಯ ಸ್ನೇಹ ಇದ್ದವರು. ಕೇರಿಯವನು ಎರಡು ಎಕರೆ ಬಗರ್‌ಹುಕುಂ ಉತ್ತರೆ ಅವನ ಮೇಲೆ ಮಾತ್ರ ನೋಟೀಸು.

ಇಲ್ಲಿ ಒಂದು ಗಂಟು ಇದೆ, ಅದನ್ನು ಮುಚ್ಚಿಡಬಾರದು. ಭೂಮಿ ಇಲ್ಲದ ದಲಿತನಿಗೆ ಭೂಮಿ ಬೇಕು, ಅದು ನಮ್ಮ ಚಳವಳಿಯ ಮೊದಲ ಕೂಗು. ಗಾಯರಾಣ ಉಳಿಯಬೇಕು, ಅದು ಕುರಿ ಆಡು ಇದ್ದವರ ಕೂಗು. ಸರ್ಕಾರ ಈ ಎರಡು ಕೂಗನ್ನು ಎದುರುಬದುರು ನಿಲ್ಲಿಸಿ ಮಜಾ ನೋಡುತ್ತದೆ. ದಲಿತ ಬಗರ್‌ಹುಕುಂ ಕೇಳಿದರೆ ‘ಗೋಮಾಳ ಹಾಳಾಗುತ್ತದೆ’ ಎನ್ನುತ್ತದೆ. ಕಂಪನಿ ಕೇಳಿದರೆ ‘ಖರಾಬು ತಾನೇ, ತಗೊಳ್ಳಿ’ ಎನ್ನುತ್ತದೆ. ನಮ್ಮ ಉತ್ತರ ಹೀಗಿರಲಿ: ಮೊದಲು ದೊಡ್ಡ ಒತ್ತುವರಿ ಬಿಡಿಸಿರಿ. ಬಿಟ್ಟ ನೆಲದಲ್ಲಿ ಬೆಳೆಯುವ ಜಾಗ ಭೂಹೀನರಿಗೆ, ಕಲ್ಲಿನ ಜಾಗ ಮೇವಿಗೆ. ಬಡವರ ಜಗಳವನ್ನು ಬಡವರೇ ಒಂದು ಕಟ್ಟೆಯ ಮೇಲೆ ಕುಂತು ಬಗೆಹರಿಸಿಕೊಳ್ಳಬಲ್ಲರು, ನಡುವೆ ದಲ್ಲಾಳಿ ಇಲ್ಲದಿದ್ದರೆ.

*

ಹಾಗಾದರೆ ಮಾಡುವುದೇನು? ಕಣ್ಣೀರು ಸುರಿಸಿದರೆ ಆಗಲಿಲ್ಲ. ಕೆಲಸ ಇದೆ.

ಒಂದು, ಪ್ರತಿ ಊರಿನ ಖರಾಬು, ಗಾಯರಾಣ, ಹಳ್ಳ, ಕಾಲುದಾರಿ ಎಲ್ಲದರ ಉತಾರ ಮತ್ತು ನಕಾಶೆ ತೆಗೆಸಿ, ಊರ ಚಾವಡಿಯ ಗೋಡೆಗೂ ಕೇರಿಯ ಗೋಡೆಗೂ ಹಚ್ಚಬೇಕು. ಮಾಹಿತಿ ಹಕ್ಕಿನ ಕಾಯ್ದೆ 2005ರಿಂದ ಇದೆ, ಹತ್ತು ರೂಪಾಯಿ ಅರ್ಜಿ. ಓದಲು ಬಂದ ಹುಡುಗ ಹುಡುಗಿಯರು ಮೊಬೈಲು ಕೆಳಗಿಟ್ಟು ಇದನ್ನು ಮಾಡಬೇಕು.

ಎರಡು, ಆ ಪಟ್ಟಿಯ ಮಗ್ಗುಲಲ್ಲಿ ನಮ್ಮ ಪಟ್ಟಿ ಬರೆಯಬೇಕು. ಯಾವ ಸರ್ವೆ ನಂಬರಿನಲ್ಲಿ ಯಾರ ಕುರಿ ಮೇಯುತ್ತದೆ, ಎಲ್ಲಿ ಆವರಿಕಿ ಇದೆ, ಎಲ್ಲಿ ಈಚಲು ಇದೆ, ಯಾವ ಹೊಂಡದ ನೀರು ಯಾರ ಬಾಯಿಗೆ. ‘ಖರಾಬು’ ಎಂದು ಬರೆದ ಕಾಲಮಿನ ಎದುರು ನಮ್ಮವ್ವಂದಿರು ಇಟ್ಟ ಹೆಸರು ಬರಲಿ.

ಮೂರು, ಗ್ರಾಮಸಭೆಯಲ್ಲಿ ಅದನ್ನು ಓದಿಸಿ ಠರಾವು ಮಾಡಿಸಬೇಕು. ಗ್ರಾಮಸಭೆ ಎಂದರೆ ಗೌಡರ ಪಡಸಾಲೆಯಲ್ಲಿ ಸಹಿ ಹಾಕಿದ ಹಾಳೆ ಅಲ್ಲ. ಕೇರಿಯ ಹೆಣ್ಣುಮಕ್ಕಳು ಕುಂತ ಸಭೆ. ಅವರ ಒಪ್ಪಿಗೆ ಇಲ್ಲದೆ ಗುಡ್ಡ ಗುತ್ತಿಗೆಗೆ ಹೋಗಬಾರದು. ಗಾಳಿಗೂ ಅಷ್ಟೇ, ನೀರಿಗೂ ಅಷ್ಟೇ, ಕಲ್ಲಿಗೂ ಅಷ್ಟೇ, ರೆಸಾರ್ಟಿಗೂ ಅಷ್ಟೇ. 2011ರ ಜನವರಿ 28ರಂದು ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ, ಊರಿನ ಸಾಮೂಹಿಕ ನೆಲದ ಒತ್ತುವರಿ ಬಿಡಿಸಿ ಊರಿಗೆ ಮರಳಿಸಿರಿ ಎಂದು ಎಲ್ಲ ರಾಜ್ಯಗಳಿಗೆ ಹೇಳಿದೆ. ಅದೇ ತೀರ್ಪು ಭೂಹೀನರಿಗೆ, ದಲಿತ ಆದಿವಾಸಿಗಳಿಗೆ ಸರ್ಕಾರ ಕೊಟ್ಟ ಗುತ್ತಿಗೆಯಂಥ ಪ್ರಸಂಗಗಳನ್ನು ಬೇರೆಯಾಗಿ ನೋಡಬೇಕೆಂದೂ ಹೇಳಿದೆ. ಆ ಎರಡನೆಯ ಮಾತನ್ನು ಅಧಿಕಾರಿಗಳು ಓದುವುದಿಲ್ಲ. ನಾವು ಗಟ್ಟಿಯಾಗಿ ಓದಿ ಹೇಳಬೇಕು.

ನಾಲ್ಕು, ಗುಡ್ಡದ ಆದಾಯ ಯಾವುದೇ ಇರಲಿ, ಟಿಕೀಟಿನದು, ವಾಹನ ನಿಲ್ಲಿಸುವುದರದು, ಯಂತ್ರದ ಬಾಡಿಗೆಯದು, ಅದರಲ್ಲಿ ಭೂಹೀನರ ಪಾಲು ಎಷ್ಟು ಎಂದು ಮೊದಲು ಬರೆದು ಆಮೇಲೆ ಪೂಜೆ ಮಾಡಿ ಕಲ್ಲು ಹಾಕಲಿ.

ಕವಿಮಿತ್ರರಿಗೂ ಒಂದು ಮಾತು. ಸೂರ್ಯಾಸ್ತ ಬರೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಹೊರೆ ಹೊತ್ತು ಇಳಿಯುವವಳ ಕುತ್ತಿಗೆಯ ನರವನ್ನೂ ಬರೆಯಿರಿ. ಅವಳನ್ನು ಅಳಿಸಿ ಬರೆದ ಸೂರ್ಯಾಸ್ತ ಮುಂದೊಂದು ದಿನ ಯಾವುದೋ ರೆಸಾರ್ಟಿನ ಜಾಹೀರಾತಾಗುತ್ತದೆ. ನಿಮ್ಮ ಪದ್ಯವೇ ಅವಳಿಗೆ ನೋಟೀಸಾಗುತ್ತದೆ.

ಈ ಗುಡ್ಡಗಳಿಗೆ ನಮ್ಮಿಂದ ಅಪಾಯವಿಲ್ಲ. ಸಾವಿರ ವರ್ಷ ಇವುಗಳ ಮೇಲೆ ಬದುಕಿದ್ದೇವೆ, ಇನ್ನೂ ಗುಡ್ಡವಾಗಿಯೇ ನಿಂತಿವೆ. ಅಪಾಯ ಇರುವುದು ಇವುಗಳ ಮೇಲೆ ಒಂದು ದಿನವೂ ಬದುಕದೆ ಒಂದು ಗೆರೆಯಲ್ಲಿ ಬರೆದು ಮುಗಿಸುವ ಕೈಯಿಂದ. ಆ ಕೈಗೆ ನಾವು ಇಷ್ಟು ದಿನ ಹೆಬ್ಬೆಟ್ಟು ಒತ್ತಿ ಕೊಟ್ಟೆವು. ಈಗ ನಮಗೂ ಬರೆಯಲು ಬರುತ್ತದೆ. ಪೆನ್ನು ಹಿಡಿದು ತಾಲ್ಲೂಕು ಕಚೇರಿಗೆ ನಡೆಯಿರಿ. ಮುಂದಿನ ಗ್ರಾಮಸಭೆ ಯಾವಾಗ ಎಂದು ಕೇಳಿ ಬನ್ನಿರಿ. ಅಂದು ಮುಂದಿನ ಸಾಲಿನಲ್ಲಿ ಕೂಡ್ರಿರಿ.